ಜಮಖಂಡಿಯಿಂದ ಅಕ್ರಾವರೆಗೆ

ಇಬ್ಬರೂ ಇತಿಹಾಸ ಕಲಿಸಿದವರು. ಒಬ್ಬರು ಜಮಖಂಡಿಯಲ್ಲಿ ಶಾಲಾ ಮಾಸ್ತರರಾಗಿದ್ದು ನಿವೃತ್ತರಾದವರು. ಇನ್ನೊಬ್ಬಳು ಅವರ ಕೈಯಲ್ಲಿ ಕಲಿತು ಈಗ ಬನಹಟ್ಟಿಯಲ್ಲಿ ಕಾಲೇಜು ಹುಡುಗರಿಗೆ ಪಾಠ ಹೇಳುವ ಶಿಷ್ಯೆ. ಆಫ್ರಿಕಾದ ಸ್ವಾತಂತ್ರ್ಯದ ಪಾಠವನ್ನು ಈ ಸೀಮೆಯ ಮಕ್ಕಳಿಗೆ ಹೇಗೆ ಹೇಳಬೇಕು ಎಂಬ ಪ್ರಶ್ನೆಯಿಂದ ಮಾತು ಶುರುವಾಯಿತು.

ಶಿಷ್ಯೆ: ಸರ್, ಈ ವಾರ ಆಫ್ರಿಕಾದ ಪಾಠ ಐತಿ. ಪ್ಯಾನ್ ಆಫ್ರಿಕನ್ ಚಳವಳಿ, ಘಾನಾದ ಕ್ವಾಮೆ ಎನ್‌ಕ್ರುಮಾ, ಕೆನ್ಯಾದ ಜೋಮೊ ಕೆನ್ಯಾಟಾ. ಹುಡುಗರು ಹೆಸರು ಬಾಯಿಪಾಠ ಮಾಡತಾರ, ಪರೀಕ್ಷಾದಾಗ ಬರೀತಾರ, ಆಮ್ಯಾಲ ಮರೀತಾರ. ಅದು ತಮಗ ಸಂಬಂಧಪಟ್ಟ ಮಾತು ಅಂತ ಅವರಿಗೆ ಅನಸೂದ ಇಲ್ಲ.

ಮಾಸ್ತರು: ಆಫ್ರಿಕಾದ ನಕಾಶೆ ಬಿಚ್ಚೂ ಮೊದಲ ನಮ್ಮ ಸೀಮಿ ನಕಾಶೆ ಬಿಚ್ಚು, ತಂಗಿ. 1947ಕ್ಕಿಂತ ಮೊದಲಿಂದು. ಜಮಖಂಡಿ ಪಟವರ್ಧನರದು. ಮುಧೋಳ ಘೋರ್ಪಡೆಯವರದು, ಮಹಾಲಿಂಗಪುರನೂ ಅವರದ. ಬೀಳಗಿ ನೇರ ಬ್ರಿಟಿಷರ ಕೈಯಾಗ, ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲಾದಾಗ. ಇನ್ನ ನೀ ಪಾಠ ಹೇಳೂ ಊರು ತಗೋ. ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ಅದಕ್ಕ ಹತ್ತಿಕೊಂಡಿರೂ ರಬಕವಿ ಸಾಂಗಲಿ ಸಂಸ್ಥಾನದ್ದು. ಇವತ್ತು ಎರಡಕ್ಕೂ ಕೂಡಿ ಒಂದ ನಗರಸಭೆ, ಒಂದ ತಾಲ್ಲೂಕು. ಅವತ್ತು ಒಬ್ಬ ನೇಕಾರ ತನ್ನ ಓಣಿಯಿಂದ ಬೀಗರ ಮನಿಗೆ ನಡಕೊಂತ ಹೋದ್ರ ನಡುವ ರಾಜ ಬದಲಾಗತಿದ್ದ. ಭಾಷಾ ಒಂದ, ಉಣ್ಣೂ ರೊಟ್ಟಿ ಒಂದ, ಜಾತ್ರಿ ಒಂದ. ಕಂದಾಯ ಕಟ್ಟೂದು ಮಾತ್ರ ಬ್ಯಾರೆ ಬ್ಯಾರೆ ಖಜಾನೆಕ್ಕ.

ಶಿಷ್ಯೆ: ಆಫ್ರಿಕಾದ ಗೆರಿ ಎಳೆದವರು ಯಾರು ಅನ್ನೂದು ಎಲ್ಲಾರಿಗೂ ಗೊತ್ತೈತಿ. 1884ರ ನವೆಂಬರಿನಿಂದ 1885ರ ಫೆಬ್ರುವರಿತನಕ ಬರ್ಲಿನ್ನಿನಾಗ ಯುರೋಪಿನ ರಾಜ್ಯಗಳು ಕೂತು ಹಂಚಿಕೆಯ ನಿಯಮ ಮಾಡಿಕೊಂಡವು. ಆ ಸಭಾದಾಗ ಒಬ್ಬ ಆಫ್ರಿಕನ್ನನೂ ಇರಲಿಲ್ಲ. ಮುಂದ ಇಪ್ಪತ್ತು ವರ್ಷದಾಗ ಹೆಚ್ಚುಕಡಿಮಿ ಇಡೀ ಖಂಡ ಹಂಚಿ ಹೋತು. ನಮ್ಮ ಗೆರಿ ಹಂಗ ಎಳೆದದ್ದಲ್ಲಲ್ಲರೀ?

ಮಾಸ್ತರು: ಹಂಗಲ್ಲ. ನಮ್ಮವು ಜಹಗೀರಿನಿಂದ, ದತ್ತಕದಿಂದ, ಅಣ್ಣತಮ್ಮರ ಪಾಲಿನಿಂದ ಆದ ಗೆರಿ. ಪಟವರ್ಧನರ ಒಂದ ಮನೆತನದಿಂದ ಸಾಂಗಲಿ, ಮಿರಜ, ಜಮಖಂಡಿ, ಕುರುಂದವಾಡ ಆದವು. ಅದರಾಗ ಮಿರಜ, ಕುರುಂದವಾಡ ಮತ್ತ ಒಡೆದು ಹಿರೇದು ಕಿರೇದು ಆದವು. ಪಾಲಾದ ಮನಿ ಮುಂದಿನ ತಲೆಮಾರಿಗೆ ಕೂಡಬಹುದು, ಇನ್ನೊಂದು ಸಲ ಒಡೀಬಹುದು. ಇಂಗ್ಲಿಷರು ಬಂದು ಏನ್ ಮಾಡಿದರು ಅಂದ್ರ, ಆ ಹೊತ್ತಿನ ಪಾಲನ್ನ ಒಪ್ಪಂದ ಬರೆದು ಕಾಯಂ ಮಾಡಿದರು. ಹಿಂಗ ಕನ್ನಡ ನಾಡು ಸುಮಾರು ಇಪ್ಪತ್ತು ಆಡಳಿತದಾಗ ಹರಿದು ಹಂಚಿ ಹೋತು. ಮೈಸೂರು, ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ನಿಜಾಮನ ಹೈದರಾಬಾದು, ಕೊಡಗು, ಅವುಗಳ ಸಂದಿಯೊಳಗ ನಮ್ಮಂಥ ಸಣ್ಣ ಸಂಸ್ಥಾನ. ಜಮಖಂಡಿ ಸಂಸ್ಥಾನ ಎಷ್ಟಿತ್ತು? 524 ಚದರ ಮೈಲಿ. 1901ರ ಜನಗಣತಿಯಾಗ ಒಂದು ಲಕ್ಷದ ಮ್ಯಾಲ ಐದು ಸಾವಿರ ಜನ. ಮುಧೋಳದಾಗ 63 ಸಾವಿರ.

ಶಿಷ್ಯೆ: ಆದ್ರ ಸರ್, ಇಲ್ಲಿ ಗಾದಿ ಮ್ಯಾಲ ಕೂತವರು ಈ ದೇಶದ ರಾಜರು. ಅಲ್ಲಿ ಬಿಳಿಯರು. ಈ ಹೋಲಿಕಿ ಎಷ್ಟು ದೂರ ನಡೀತೈತಿ?

ಮಾಸ್ತರು: ನೀನ ಹೇಳು. ಉತ್ತರ ನೈಜೀರಿಯಾದಾಗ ಗಾದಿ ಮ್ಯಾಲ ಯಾರು ಕೂತಿದ್ದರು?

ಶಿಷ್ಯೆ: ಅಮೀರರು. ಲುಗಾರ್ಡ್ ಅನ್ನೂ ಇಂಗ್ಲಿಷ್ ಅಧಿಕಾರಿ ಅವರನ್ನ ತಗೀಲಿಲ್ಲ. ಅಮೀರ ಕಂದಾಯ ಎತ್ತಬೇಕು, ನ್ಯಾಯ ಹೇಳಬೇಕು, ಅವನ ಮಗ್ಗಲಕ್ಕ ಒಬ್ಬ ರೆಸಿಡೆಂಟ್ ಇರಬೇಕು. ಅದನ್ನ ಪರೋಕ್ಷ ಆಳ್ವಿಕೆ ಅಂತ ನಾವು ಕಲಿಸತೀವಿ.

ಮಾಸ್ತರು: ಹಾಂ. ಆ ಪದ್ಧತಿಗೆ ಪಾಠಶಾಲಿ ಆದದ್ದು ಹಿಂದೂಸ್ತಾನದ ಸಂಸ್ಥಾನಗಳು. ನಮ್ಮ ರಾಜರ ಮ್ಯಾಲ ಕಣ್ಣಿಡಾಕ ಕೊಲ್ಹಾಪುರದಾಗ ಪೊಲಿಟಿಕಲ್ ಏಜೆಂಟ್ ಇದ್ದ. ಗಾದಿಗೆ ಯಾರು ವಾರಸದಾರ, ದತ್ತಕ ಒಪ್ಪಿಗಿ ಐತೋ ಇಲ್ಲೋ, ಎಲ್ಲಾ ಅವನ ಕಡೆ ಹೋಗಬೇಕು. ಅದಕ್ಕ ಸಂಸ್ಥಾನದ ಪ್ರಜಾಗೋಳ ಕಷ್ಟ ದುಪ್ಪಟ್ಟು. ಬೀಳಗಿಯವ ತನ್ನ ಎದುರಿಗೆ ಕಲೆಕ್ಟರನ್ನ ಕಾಣತಿದ್ದ, ಅವ ಪರದೇಶಿ ಅಂತ ಗೊತ್ತಿತ್ತು. ಜಮಖಂಡಿಯವ, ಮುಧೋಳದವ ತನ್ನ ರಾಜನ್ನ ಕಾಣತಿದ್ದ. ರಾಜ ಶಾಲೆ ಕಟ್ಟಿಸಿದಾನ, ಗುಡಿಗೆ ಉಂಬಳಿ ಕೊಟ್ಟಾನ. ಅವನ ವಿರುದ್ಧ ಹೆಂಗ ನಿಲ್ಲೂದು? ಆಫ್ರಿಕಾದ ಚಳವಳಿಗೂ ಇದ ತೊಡಕು ಬಂತು.

ಶಿಷ್ಯೆ: ಬಂತ್ರಿ. ಗೋಲ್ಡ್ ಕೋಸ್ಟಿನಾಗ, ಅಂದ್ರ ಇವತ್ತಿನ ಘಾನಾದಾಗ, ಎನ್‌ಕ್ರುಮಾ ಪಕ್ಷಕ್ಕೂ ಅಶಾಂಟಿ ಸೀಮಿಯ ನಾಯಕರಿಗೂ ಜಗಳ ಆತು. 1954ರಾಗ ಅಲ್ಲಿ ಬ್ಯಾರೆ ಚಳವಳಿನ ಹುಟ್ಟಿ ಸಂಯುಕ್ತ ಪದ್ಧತಿ ಬೇಕು ಅಂತು. ಯುಗಾಂಡಾದಾಗ ಬುಗಾಂಡದ ಅರಸ ಮುತೇಸಾನನ್ನ 1953ರಾಗ ಇಂಗ್ಲಿಷರು ಗಡಿಪಾರು ಮಾಡಿದರು, 1966ರಾಗ ಸ್ವತಂತ್ರ ಯುಗಾಂಡಾದ ಸರಕಾರನ ಓಡಿಸಿತು. ಅರಸನ್ನ ಏನು ಮಾಡಬೇಕು ಅನ್ನೂ ಪ್ರಶ್ನೆಕ್ಕ ಅಲ್ಲಿ ಶಾಂತವಾದ ಉತ್ತರ ಸಿಗಲಿಲ್ಲ.

ಮಾಸ್ತರು: ಆ ಪ್ರಶ್ನೆಕ್ಕ ಆಮ್ಯಾಲ ಬರೂಣು. ಅದಕ್ಕ ಮೊದಲು ಹಲಗಲಿ. ಮುಧೋಳ ಸಂಸ್ಥಾನದ ಊರು. 1857ರಾಗ ಸರಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂತು. ಎಲ್ಲಾರೂ ಹತಾರ ಒಪ್ಪಿಸಬೇಕು. ಬ್ಯಾಟಿ ಆಡಿ, ಊರು ಕಾಯ್ದು ಬದುಕೂ ಬ್ಯಾಡರಿಗೆ ಹತಾರ ಅಂದ್ರ ಅನ್ನನೂ ಹೌದು ಮಾನನೂ ಹೌದು. ಜಡಗ, ಬಾಲ ಮುಂತಾದವರು ಕೊಡೂದಿಲ್ಲ ಅಂದ್ರು. ನವೆಂಬರ್ ಕಡೀಕ ಇಂಗ್ಲಿಷ್ ಪಡೆ ಬಂತು. ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಾಗ ಮುಧೋಳದಾಗೂ ಹಲಗಲಿಯಾಗೂ ಕೂಡಿ 19 ಮಂದಿಯನ್ನ ಗಲ್ಲಿಗೆ ಹಾಕಿದರು. ಜನ ಲಾವಣಿ ಕಟ್ಟಿ ಹಾಡಿದರು. ಆ ಲಾವಣಿಯನ್ನ ಬರಕೊಂಡು ಅಚ್ಚು ಹಾಕಿಸಿದವ ಫ್ಲೀಟ್ ಅನ್ನೂ ಇಂಗ್ಲಿಷ್ ಅಧಿಕಾರಿ.

ಶಿಷ್ಯೆ: ಇದರ ಜೋಡಿ ಆಫ್ರಿಕಾದಾಗ ಐತ್ರಿ. ಬಸುಟೊಲ್ಯಾಂಡ್, ಈಗಿನ ಲೆಸೊಥೊ. ಕೇಪ್ ವಸಾಹತಿನ ಸರಕಾರ 1878ರಾಗ ಹತಾರ ಕಸಕೊಳ್ಳೂ ಕಾಯ್ದೆ ಮಾಡಿ, ಅದನ್ನ ಬಸೊಥೊ ಜನರ ಮ್ಯಾಲ ಹೇರಾಕ ಹೋತು. ಅವರು ವಜ್ರದ ಗಣಿಯಾಗ ದುಡಿದ ಪಗಾರದಿಂದ ಬಂದೂಕು ಕೊಂಡಿದ್ದರು. ಕೊಡೂದಿಲ್ಲ ಅಂದ್ರು. 1880ರಿಂದ 1881ರತನಕ ಬಂದೂಕಿನ ಯುದ್ಧ ನಡೀತು. ಅಲ್ಲಿ ಸೋತದ್ದು ಕೇಪ್ ಸರಕಾರ. ಬಂದೂಕು ಜನರ ಕೈಯಾಗ ಉಳಿದವು. 1884ರಾಗ ಆ ನಾಡು ಕೇಪಿನ ಕೈ ಬಿಟ್ಟು ನೇರ ಬ್ರಿಟಿಷ್ ಆಳ್ವಿಕೆಗೆ ಹೋತು. ದಕ್ಷಿಣ ಆಫ್ರಿಕಾದ ಹೊಟ್ಟಿಯೊಳಗಿದ್ದೂ ಲೆಸೊಥೊ ಇವತ್ತು ಬ್ಯಾರೆ ದೇಶ ಆಗಿ ಉಳಿಯಾಕ ಅದೂ ಒಂದು ಕಾರಣ.

ಮಾಸ್ತರು: ಹಂಗಾರ ಹಲಗಲಿ ಯಾಕ ಸೋತಿತು, ಬಸೊಥೊ ಯಾಕ ಗೆದ್ದರು ಅಂತ ಹುಡುಗರಿಗೆ ಕೇಳು. ಧೈರ್ಯದಾಗ ಇಬ್ಬರೂ ಸಮ. ಬಸೊಥೊ ಜನರ ಹಿಂದ ಗುಡ್ಡದ ನಾಡಿತ್ತು, ಅವರ ಅರಸ ಮೊಶೂಶೂ ಕಟ್ಟಿದ ರಾಜ್ಯ ಇತ್ತು. ಹಲಗಲಿಯ ಹಿಂದ ಏನಿತ್ತು? ಮುಧೋಳದ ರಾಜ ಇಂಗ್ಲಿಷರ ಕಡೆ. ಮಗ್ಗಲ ಊರು ಬ್ಯಾರೆ ಸಂಸ್ಥಾನದ್ದು. ಅದರಾಚೆ ಊರು ಇಂಗ್ಲಿಷರದು. ಒಂದ ಊರು ಒಂದ ಜನ ಇಡೀ ಸಾಮ್ರಾಜ್ಯದ ಎದುರು ನಿಂತಿತ್ತು. ಊರಿನಷ್ಟ ದೊಡ್ಡದಾದ ಧೈರ್ಯಕ್ಕ ಊರಾಚೆ ಕೈ ಸಿಗದಿದ್ರ ಏನಾಗತೈತಿ ಅನ್ನೂದನ್ನ ಹಲಗಲಿ ತೋರಿಸಿತು.

ಶಿಷ್ಯೆ: ಪ್ಯಾನ್ ಆಫ್ರಿಕನ್ ವಿಚಾರ ಹುಟ್ಟಿದ್ದೂ ಇದ ಕಾರಣಕ್ಕ. ಒಂದೊಂದ ಕುಲ ಒಂದೊಂದ ಸಲ ಎದ್ದು ಒಂದೊಂದ ಸಲ ಸೋತ ಮ್ಯಾಲ, ಎಲ್ಲಾರ ಕಷ್ಟ ಒಂದ ಅಂತ ತಿಳಿದದ್ದು ಹೊರಗಿದ್ದವರಿಗೆ. ಟ್ರಿನಿಡಾಡಿನ ಹೆನ್ರಿ ಸಿಲ್ವೆಸ್ಟರ್ ವಿಲಿಯಮ್ಸ್ ಅನ್ನೂ ವಕೀಲ 1900ರಾಗ ಲಂಡನ್ನಿನಾಗ ಮೊದಲನೇ ಪ್ಯಾನ್ ಆಫ್ರಿಕನ್ ಸಮ್ಮೇಳನ ಕರೆದ. ಅಮೆರಿಕಾದ ಡು ಬೋಯಿಸ್ ಅಲ್ಲಿದ್ದ. ಮುಂದ 1919ರಾಗ ಪ್ಯಾರಿಸ್ಸಿನಿಂದ ಶುರುವಾಗಿ 1921, 1923, 1927ರಾಗ ಅವರ ಕಾಂಗ್ರೆಸ್ ನಡೆದವು. ಗುಲಾಮರಾಗಿ ಹಡಗಿನಾಗ ತುಂಬಿಸಿಕೊಂಡು ಹೋದವರ ಮೊಮ್ಮಕ್ಕಳು, ಮರಿಮಕ್ಕಳು ಅವರು. ಅವರಿಗೆ ತಮ್ಮ ಮೂಲ ಊರು ಗೊತ್ತಿರಲಿಲ್ಲ. ಅದಕ್ಕ ಇಡೀ ಖಂಡನ ತಮ್ಮದು ಅಂದ್ರು.

ಮಾಸ್ತರು: ಕರ್ನಾಟಕ ಏಕೀಕರಣದ ಮಾತೂ ನಮ್ಮ ಸಂಸ್ಥಾನದಾಗ ಹುಟ್ಟಲಿಲ್ಲ, ತಂಗಿ. ಧಾರವಾಡದಾಗ ಹುಟ್ಟಿತು, ಇಂಗ್ಲಿಷರ ಜಿಲ್ಲಾದಾಗ. 1890ರಾಗ ಕರ್ನಾಟಕ ವಿದ್ಯಾವರ್ಧಕ ಸಂಘ ಆತು. ವಿಜಾಪುರದಾಗ ಹುಟ್ಟಿದ ಆಲೂರ ವೆಂಕಟರಾಯರು ಪುಣೆಯಾಗ ಕಲಿತು ಬಂದು, ಹಾಳಾದ ಹಂಪಿ ನೋಡಿ ಕಣ್ಣೀರು ಹಾಕಿ, 1917ರಾಗ ‘ಕರ್ನಾಟಕ ಗತವೈಭವ’ ಪ್ರಕಟಿಸಿದರು. 1920ರ ನಾಗಪುರ ಕಾಂಗ್ರೆಸ್ ಭಾಷಾವಾರು ಪ್ರಾಂತಗಳ ಲೆಕ್ಕದಾಗ ತನ್ನ ಸಮಿತಿ ಕಟ್ಟಿಕೊಂಡಿತು, ಕರ್ನಾಟಕಕ್ಕೂ ಒಂದು ಸಮಿತಿ ಬಂತು. 1924ರಾಗ ಬೆಳಗಾವಿಯಾಗ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ನಡೆದಾಗ ಅಲ್ಲೇ ಏಕೀಕರಣ ಪರಿಷತ್ತೂ ಕೂಡಿತು. ಸಿದ್ದಪ್ಪ ಕಂಬಳಿಯವರು ಅದರ ಅಧ್ಯಕ್ಷರು. ಆಲೂರರು ಮತ್ತ ಮತ್ತ ಹೇಳಿದ ಮಾತೇನು? ಕನ್ನಡಿಗ ಆಗೂದಕ್ಕೂ ಭಾರತೀಯ ಆಗೂದಕ್ಕೂ ತಂಟೆ ಇಲ್ಲ ಅಂತ.

ಶಿಷ್ಯೆ: ಇದನ್ನ ಎನ್‌ಕ್ರುಮಾ ಅವರೂ ಹೇಳತಿದ್ದರು. ಘಾನಾದ ಸ್ವಾತಂತ್ರ್ಯ ಇಡೀ ಆಫ್ರಿಕಾದ ಬಿಡುಗಡೆ ಜೋಡಿ ಕೂಡಿಕೊಳ್ಳದಿದ್ರ ಅದಕ್ಕ ಅರ್ಥ ಇಲ್ಲ ಅನ್ನೂದು ಅವರ ನಿಲುವು. ಆದ್ರ ನನಗೊಂದು ಸಂಶಯ. ಈ ದೊಡ್ಡ ದೊಡ್ಡ ಮಾತು ಓದಿದವರ ಮಾತು. ಜಮಖಂಡಿಯ ಒಕ್ಕಲಿಗಗ, ರಬಕವಿಯ ನೇಕಾರಗ ಇದು ಯಾವಾಗ ಮುಟ್ಟಿತು?

ಮಾಸ್ತರು: ಪ್ರಜಾ ಪರಿಷತ್ತಿನಿಂದ. ಅಖಿಲ ಭಾರತ ಸಂಸ್ಥಾನಿ ಪ್ರಜಾ ಪರಿಷತ್ತು 1927ರಾಗ ಹುಟ್ಟಿತು. 1938ರಾಗ ಹರಿಪುರ ಕಾಂಗ್ರೆಸ್ ಏನಂತು? ಸಂಸ್ಥಾನಗಳ ಹೋರಾಟ ಕಾಂಗ್ರೆಸ್ಸಿನ ಹೆಸರಿನಾಗ ಬ್ಯಾಡ, ಅಲ್ಲಿನ ಜನ ತಮ್ಮ ಸಂಘಟನೆ ತಾವ ಕಟ್ಟಿಕೊಳ್ಳಲಿ ಅಂತು. ಒಂದು ಲೆಕ್ಕದಾಗ ನಮ್ಮನ್ನ ಬಿಟ್ಟಂಗ ಆತು. ಇನ್ನೊಂದು ಲೆಕ್ಕದಾಗ ನಮ್ಮ ಕಾಲ ಮ್ಯಾಲ ನಾವು ನಿಲ್ಲೂದು ಕಲಿತೀವಿ. ಜವಾಬ್ದಾರಿ ಸರಕಾರ ಬೇಕು, ಕಂದಾಯ ಇಳೀಬೇಕು ಅನ್ನೂ ಕೂಗು ಆವಾಗ ಹಳ್ಳಿಗೆ ಬಂತು. ಅದು ಎಲ್ಲಾ ಕಡೆ ಶಾಂತವಾಗಿ ನಡೀಲಿಲ್ಲ. ನಮ್ಮ ಮಗ್ಗಲಿನ ರಾಮದುರ್ಗದಾಗ 1939ರ ಏಪ್ರಿಲ್ ತಿಂಗಳು ಜನರ ಸಿಟ್ಟು ಸಿಡಿದು ಪೊಲೀಸರ ಜೀವ ಹೋದವು, ಆಮ್ಯಾಲ ಗಲ್ಲಿನ ಶಿಕ್ಷಾ ಆದವು. ಗಾಂಧೀಜಿಗೆ ಅದು ಭಾಳ ನೋವಿನ ಸುದ್ದಿ.

ಶಿಷ್ಯೆ: ಆಫ್ರಿಕಾಕ್ಕ ಅಂಥ ತಿರುವು 1945ರ ಅಕ್ಟೋಬರಿನಾಗ ಬಂತು. ಮ್ಯಾಂಚೆಸ್ಟರಿನಾಗ ಐದನೇ ಪ್ಯಾನ್ ಆಫ್ರಿಕನ್ ಕಾಂಗ್ರೆಸ್. ಸುಮಾರು 90 ಪ್ರತಿನಿಧಿಗಳು. ಟ್ರಿನಿಡಾಡಿನ ಜಾರ್ಜ್ ಪ್ಯಾಡ್ಮೋರ್, ಎನ್‌ಕ್ರುಮಾ, ಕೆನ್ಯಾಟಾ, ಮಲಾವಿಯ ಹೇಸ್ಟಿಂಗ್ಸ್ ಬಂಡಾ ಇದ್ದರು. ಮುದುಕರಾದ ಡು ಬೋಯಿಸ್ ಇದ್ದರು. ಹಿಂದಿನ ಸಮ್ಮೇಳನಗಳು ಅರ್ಜಿ ಬರೀತಿದ್ದವು. ಇಲ್ಲಿ ಕಾರ್ಮಿಕ ಸಂಘದವರು ಕೂತಿದ್ದರು, ಯುದ್ಧ ನೋಡಿದವರು ಕೂತಿದ್ದರು. ಬಿನ್ನಹ ಸಾಕು, ಮುಷ್ಕರ ಬಹಿಷ್ಕಾರದಿಂದ ಸ್ವಾತಂತ್ರ್ಯ ತಗೋಬೇಕು ಅಂತ ತೀರ್ಮಾನ ಮಾಡಿದರು. ಹಿಂದೂಸ್ತಾನದ ಚಳವಳಿಯನ್ನ ಅವರು ಹತ್ತಿರದಿಂದ ನೋಡತಿದ್ದರು. ಎನ್‌ಕ್ರುಮಾ 1950ರಾಗ ನಡೆಸಿದ ನೇರ ಚಳವಳಿಗೆ ಗಾಂಧೀಜಿಯ ಸತ್ಯಾಗ್ರಹ ಮಾದರಿ.

ಮಾಸ್ತರು: ಈಗ 1948ಕ್ಕ ಬಾ. ಫೆಬ್ರುವರಿ 28ರಂದು ಗೋಲ್ಡ್ ಕೋಸ್ಟಿನ ರಾಜಧಾನಿ ಅಕ್ರಾದಾಗ ಏನಾತು?

ಶಿಷ್ಯೆ: ಎರಡನೇ ಮಹಾಯುದ್ಧದಾಗ ಇಂಗ್ಲಿಷರ ಪರ ಕಾದು ಬಂದ ಸೈನಿಕರು, ನಮಗ ಹೇಳಿದ ಪಿಂಚಣಿ ಕೊಡ್ರಿ, ಕೆಲಸ ಕೊಡ್ರಿ ಅಂತ ಗವರ್ನರನ ಬಂಗ್ಲೆ ಕಡೆ ಅರ್ಜಿ ಹಿಡಕೊಂಡು ನಡೆದರು. ದಾರಿಯಾಗ ಗುಂಡು ಹಾರಿತು. ಅಜೆಟೆ, ಅಟ್ಟಿಪೋ, ಒಡಾರ್ಟೆ ಲ್ಯಾಂಪ್ಟೆ, ಮೂವರು ಮಾಜಿ ಸೈನಿಕರು ಸತ್ತರು. ಊರು ಹತ್ತಿ ಉರೀತು. ಒಂಬತ್ತು ವರ್ಷದ ಮ್ಯಾಲ, 1957ರ ಮಾರ್ಚ್ 6ರಂದು ಘಾನಾ ಸ್ವತಂತ್ರ ಆತು.

ಮಾಸ್ತರು: ಅಕ್ರಾದಾಗ ಗುಂಡು ಹಾರಿ ಒಂಬತ್ತು ದಿನಕ್ಕ, 1948ರ ಮಾರ್ಚ್ 8ರಂದು, ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತದಾಗ ವಿಲೀನ ಆತು. ಮುಧೋಳನೂ ಅವತ್ತ. ಈ ವಿಲೀನದ ಹಿಂದಿನ ಮನಷ್ಯಾನ್ನ ನೋಡು. ಸಾವಳಗಿಯಾಗ 1912ರಾಗ ಹುಟ್ಟಿದ ಬಸಪ್ಪ ದಾನಪ್ಪ ಜತ್ತಿ. ಜಮಖಂಡಿಯಾಗ ವಕೀಲಿ ಮಾಡಿದರು. 1940ರಾಗ ಪುರಸಭೆ ಸದಸ್ಯ, 1945ರಾಗ ಅಧ್ಯಕ್ಷ, ಆಮ್ಯಾಲ ಸಂಸ್ಥಾನದ ಶಾಸನಸಭೆ, ಮಂತ್ರಿ, ಕಡೀಕ 1948ರಾಗ ಜಮಖಂಡಿಯ ದಿವಾನ, ಅಂದ್ರ ಮುಖ್ಯಮಂತ್ರಿ. ಮೂವತ್ತಾರು ವಯಸ್ಸೂ ತುಂಬಿರಲಿಲ್ಲ. ರಾಜರಾದ ಶಂಕರರಾವ ಪಟವರ್ಧನರ ಜೋಡಿ ಜಗಳ ಮಾಡಲಿಲ್ಲ, ಅವರನ್ನ ಒಪ್ಪಿಸಿದರು. ಸಂಸ್ಥಾನ ಹೋತು, ಅದರ ಕೂಡ ಇವರ ದಿವಾನಗಿರಿನೂ ಹೋತು. ಜತ್ತಿಯವರು ತಿರಗಿ ವಕೀಲಿಗೆ ಹೋದರು. ತಾ ಕುಂತ ಕುರ್ಚಿಯನ್ನ ತಾನ ತಗದ ಮನಷ್ಯಾ.

ಶಿಷ್ಯೆ: ಮುಂದ ಅವರು ದೊಡ್ಡ ದೊಡ್ಡ ಹುದ್ದೆಕ್ಕ ಹೋದರಲ್ಲರೀ.

ಮಾಸ್ತರು: ಹೋದರು. 1958ರಿಂದ 1962ರತನಕ ಮೈಸೂರು ರಾಜ್ಯದ ಮುಖ್ಯಮಂತ್ರಿ. 1961ರ ಭೂಸುಧಾರಣಾ ಕಾಯ್ದೆ ಅವರ ಕಾಲದ್ದು. 1974ರಾಗ ಉಪರಾಷ್ಟ್ರಪತಿ. 1977ರ ಫೆಬ್ರುವರಿಯಿಂದ ಜುಲೈತನಕ ಹಂಗಾಮಿ ರಾಷ್ಟ್ರಪತಿ. ಆದ್ರ 1948ರಾಗ ಇದೆಲ್ಲಾ ಬರತೈತಿ ಅಂತ ಯಾರ ಹೇಳಿದ್ದರು? ಯಾರೂ ಹೇಳಿರಲಿಲ್ಲ. ಹೋಗೂದು ಕಾಣತಿತ್ತು, ಬರೂದು ಕಾಣತಿರಲಿಲ್ಲ. ಸ್ವಾತಂತ್ರ್ಯ ಅಂದ್ರ ಮತ್ತೊಬ್ಬರ ಕೈಯಾಗಿದ್ದದ್ದನ್ನ ತಗೋಳೂದು. ಏಕತಾ ಅಂದ್ರ ನಮ್ಮ ಕೈಯಾಗಿದ್ದದ್ದನ್ನ ಕೊಡೂದು. ಎರಡನೇದು ಕಠಿಣ.

ಶಿಷ್ಯೆ: ಎಲ್ಲಾ ರಾಜರೂ ಹಂಗ ಕೊಟ್ಟರೇನ್ರಿ? ದಖ್ಖನದ ಸಂಸ್ಥಾನಗಳು ತಮ್ಮದ ಒಂದು ಒಕ್ಕೂಟ ಮಾಡಾಕ ನೋಡಿದ್ದವಲ್ಲ.

ಮಾಸ್ತರು: ನೋಡಿದ್ದವು. ಔಂಧ, ಫಲಟಣ, ಸಾಂಗಲಿ, ಮಿರಜ, ರಾಮದುರ್ಗ ಮುಂತಾದವು ಕೂಡಿ ಸಂಯುಕ್ತ ದಖ್ಖನ ರಾಜ್ಯ ಅಂತ ಯತ್ನ ಮಾಡಿದವು. ನಿಲ್ಲಲಿಲ್ಲ. ಸಣ್ಣ ಸಣ್ಣ ತುಂಡು, ಒಂದಕ್ಕೊಂದು ನೆಲ ಕೂಡಿಲ್ಲ. ಜನರಿಗೂ ಅದು ಬೇಕಾಗಿರಲಿಲ್ಲ.

ಶಿಷ್ಯೆ: ಘಾನಾ, ಗಿನಿ 1958ರಾಗ ಒಂದಾಗತೀವಿ ಅಂದವು, ಮಾಲಿ ಆಮ್ಯಾಲ ಸೇರಿತು. ಅಲ್ಲೂ ನಡುವ ಬ್ಯಾರೆಯವರ ನೆಲ. ಕೆಲವ ವರ್ಷದಾಗ ಕರಗಿತು. ಸೆನೆಗಲ್ಲೂ ಈಗಿನ ಮಾಲಿಯೂ ಕೂಡಿ ಮಾಡಿದ ಮಾಲಿ ಒಕ್ಕೂಟ 1960ರ ಆಗಸ್ಟಿನಾಗ ಒಡೀತು. ನಿಂತದ್ದು ಒಂದ. 1964ರಾಗ ತಾಂಗನಿಕಾ, ಝಾಂಝಿಬಾರ್ ಕೂಡಿ ಆದ ತಾಂಜಾನಿಯಾ.

ಮಾಸ್ತರು: ಔಂಧ ಅಂದೆನಲ್ಲ, ಅಲ್ಲೊಬ್ಬರ ಹೆಸರು ನೀ ಹುಡುಗರಿಗೆ ಹೇಳಲೇಬೇಕು. ಔಂಧ ಸಂಸ್ಥಾನದ ಗುಣದಾಳ ತಾಲ್ಲೂಕು ನಮ್ಮ ವಿಜಾಪುರ ಜಿಲ್ಲಾದ ನಡುವಿತ್ತು. ಆ ಮನೆತನದ ರಾಜಕುಮಾರ ಅಪ್ಪಾ ಪಂತ, ಅವರೂ 1912ರಾಗ ಹುಟ್ಟಿದವರು. ಗಾಂಧೀಜಿ ಸಲಹೆಯಿಂದ 1939ರಾಗ ಔಂಧದ ರಾಜರು ಅಧಿಕಾರವನ್ನ ಹಳ್ಳಿ ಪಂಚಾಯತಿಗಳ ಕೈಗೆ ಕೊಟ್ಟರು. ಅದರಾಗ ಮಗನ ಪಾತ್ರ ದೊಡ್ಡದು. 1948ರಾಗ ನೆಹರೂ ಅವರು ಅಪ್ಪಾ ಪಂತರನ್ನ ನೈರೋಬಿಗೆ ಕಳಿಸಿದರು, ಪೂರ್ವ ಆಫ್ರಿಕಾಕ್ಕ ಭಾರತದ ಮೊದಲನೇ ಕಮಿಷನರ್ ಅಂತ.

ಶಿಷ್ಯೆ: ಅವರು ಕೆನ್ಯಾಟಾ ಅವರ ಗೆಳೆಯರಾದರು. ಆಫ್ರಿಕಾದ ಹುಡುಗರು ಭಾರತದಾಗ ಕಲಿಯಾಕ ವಿದ್ಯಾರ್ಥಿವೇತನ ಕೊಡಿಸಿದರು. ಅಲ್ಲಿರೂ ಭಾರತೀಯ ವ್ಯಾಪಾರಸ್ಥರಿಗೆ, ಆಫ್ರಿಕನ್ನರ ಜೋಡಿ ನಿಲ್ಲ್ರಿ ಅಂತ ಹೇಳಿದರು. 1952ರಾಗ ಕೆನ್ಯಾದಾಗ ತುರ್ತು ಪರಿಸ್ಥಿತಿ ಬಂದು ಕೆನ್ಯಾಟಾ ಅವರನ್ನ ಹಿಡಿದಾಗ, ಅವರ ಪರ ವಾದಿಸಾಕ ನಮ್ಮ ಸಂಸದ ದಿವಾನ್ ಚಮನ್‌ಲಾಲ್ ಹೋಗಿದ್ದರು. ಅಪ್ಪಾ ಪಂತರ ಮ್ಯಾಲ ಇಂಗ್ಲಿಷರ ಸಿಟ್ಟು ಬೆಳೆದು 1954ರಾಗ ಅವರು ನೈರೋಬಿ ಬಿಡಬೇಕಾತು. ಸರ್, ಸಂಸ್ಥಾನ ಬಿಟ್ಟುಕೊಟ್ಟ ಮನಿಯ ಮಗ ಆಫ್ರಿಕಾದ ಬಿಡುಗಡೆಗೆ ಹೋಗಿ ನಿಂತಾನ ಅಂದ್ರ ನನಗ ಅಭಿಮಾನ ಅನಸತೈತಿ.

ಮಾಸ್ತರು: ಅನಸಬೇಕು. ಈಗ ನೀ 1956ರ ಮಾತು ಹೇಳು. ನಮಗ ಆ ವರ್ಷ ಅಂದ್ರ ನವೆಂಬರ್ 1, ಕನ್ನಡ ನಾಡು ಕೂಡಿದ ದಿನ. ಅಲ್ಲಿ?

ಶಿಷ್ಯೆ: ಅಲ್ಲಿ ಮೇ ತಿಂಗಳು. ಇವೆ ಜನರ ಕತಿ ಇದು, ಸರ್. ಒಂದ ಭಾಷಾದ ಜನ. ಮೊದಲು ಜರ್ಮನರ ಟೋಗೊದಾಗೂ ಇಂಗ್ಲಿಷರ ಗೋಲ್ಡ್ ಕೋಸ್ಟಿನಾಗೂ ಹಂಚಿ ಹೋಗಿದ್ದರು. ಮೊದಲನೇ ಮಹಾಯುದ್ಧ ಆದ ಮ್ಯಾಲ ಜರ್ಮನ್ ಟೋಗೊವನ್ನ ಇಂಗ್ಲಿಷರು, ಫ್ರೆಂಚರು ಪಾಲು ಮಾಡಿಕೊಂಡರು. ಮೂರು ತುಂಡು ಆತು. 1946ರಾಗ ಅಖಿಲ ಇವೆ ಸಮ್ಮೇಳನ ಕಟ್ಟಿದರು. 1947ರಾಗ ಸಿಲ್ವೇನಸ್ ಒಲಿಂಪಿಯೊ ಅನ್ನೂ ನಾಯಕ ವಿಶ್ವಸಂಸ್ಥೆಗೆ ಹೋಗಿ, ನಮ್ಮ ಜನರನ್ನ ಒಂದು ಮಾಡ್ರಿ ಅಂತ ಕೇಳಿದರು. 1956ರಾಗ ಬ್ರಿಟಿಷ್ ಟೋಗೊಲ್ಯಾಂಡಿನಾಗ ಜನಮತ ತಗೊಂಡರು. ಶೇಕಡಾ 58ರಷ್ಟು ಮಂದಿ ಗೋಲ್ಡ್ ಕೋಸ್ಟ್ ಜೋಡಿ ಕೂಡೂಣು ಅಂದ್ರು. ಆದ್ರ ದಕ್ಷಿಣದ ಹೋ, ಪಾಂಡು ಜಿಲ್ಲಾದ ಇವೆ ಜನ ಹೆಚ್ಚಾಗಿ ಬ್ಯಾಡ ಅಂದ್ರು. ಅವರಿಗೆ ಆಚೆ ಫ್ರೆಂಚ್ ಟೋಗೊದಾಗಿರೂ ತಮ್ಮವರು ಬೇಕಾಗಿದ್ದರು.

ಮಾಸ್ತರು: ಒಲಿಂಪಿಯೊ ಮುಂದ?

ಶಿಷ್ಯೆ: 1960ರಾಗ ಟೋಗೊ ಸ್ವತಂತ್ರ ಆತು. ಒಲಿಂಪಿಯೊ ಅಧಿಕಾರಕ್ಕ ಬಂದರು. ಎನ್‌ಕ್ರುಮಾ, ಬರ್ರಿ, ಘಾನಾದಾಗ ಕೂಡ್ರಿ, ನಿಮ್ಮ ಇವೆ ಜನ ಒಂದಾಗತಾರ ಅಂದ್ರು. ಒಲಿಂಪಿಯೊ ಒಲ್ಲೆ ಅಂದ್ರು. ಗಡಿ ಮುಚ್ಚಿತು, ವ್ಯಾಪಾರ ನಿಂತಿತು. ಎರಡೂ ಕಡೆ ಇದ್ದವರು ಆಫ್ರಿಕಾದ ಏಕತಾ ಬಯಸಿದವರ. 1963ರ ಜನವರಿಯಾಗ ಒಲಿಂಪಿಯೊ ಅವರ ಕೊಲೆ ಆತು. ಇವೆ ಜನ ಇವತ್ತಿಗೂ ಎರಡು ದೇಶದಾಗ ಅದಾರ.

ಮಾಸ್ತರು: ನಮ್ಮ ಏಕೀಕರಣ ಗೆದ್ದಿತು, ಅವರದು ಸೋತಿತು. ಹಿಂಗ ಹೇಳಬಹುದಲ್ಲ?

ಶಿಷ್ಯೆ: ಆ ಮಾತು ನಾ ಒಪ್ಪೂದಿಲ್ಲ, ಸರ್. ಜಮಖಂಡಿಯಿಂದ ಬೀದರದತನಕ ಹರಿದು ಹೋದ ನಾಡು ಕೂ‍ಡಿದ್ದು ಹೋರಾಟದಿಂದ ಖರೆ. ಅದರಗುಂಚಿ ಶಂಕರಗೌಡರು 1953ರಾಗ ಉಪವಾಸ ಕೂತರು, ಹುಬ್ಬಳ್ಳಿಯ ಜನ ಬೀದಿಗೆ ಬಂದರು. ಆದ್ರ ನಮ್ಮ ಮ್ಯಾಲ ಒಂದು ಮನಿ ಇತ್ತು. ಯಾವ ತಾಲ್ಲೂಕು ಯಾವ ರಾಜ್ಯಕ್ಕ ಅಂತ ಹೇಳಾಕ ಫಜಲ್ ಅಲಿ ಆಯೋಗ ಇತ್ತು, ಕಾಯ್ದೆ ಮಾಡಾಕ ಸಂಸತ್ತಿತ್ತು. ಮುಂಬಯಿ ರಾಜ್ಯ ತನ್ನ ನಾಲ್ಕು ಜಿಲ್ಲಾ ಬಿಟ್ಟುಕೊಡೂದು ಅಂದ್ರ ದೇಶ ಬಿಟ್ಟುಕೊಟ್ಟಂಗಲ್ಲ. ಘಾನಾ, ಟೋಗೊ ನಡುವ ಅಂಥ ಮನಿ ಇರಲಿಲ್ಲ. ಒಂದೊಂದ ಗೆರಿ ಒಳಗ ಒಂದೊಂದ ಸೈನ್ಯ, ಒಂದೊಂದ ನಾಣ್ಯ, ವಿಶ್ವಸಂಸ್ಥೆಯಾಗ ಒಂದೊಂದ ಕುರ್ಚಿ. ಜಮಖಂಡಿಗೆ, ಮುಧೋಳಕ್ಕ, ಸಾಂಗಲಿಗೆ 1947ರಾಗ ಬ್ಯಾರೆ ಬ್ಯಾರೆ ಸೈನ್ಯ, ನಾಣ್ಯ, ವಿಶ್ವಸಂಸ್ಥೆ ಕುರ್ಚಿ ಕೊಟ್ಟಿದ್ರ ಎಷ್ಟು ಮಂದಿ ಬಿಟ್ಟುಕೊಡತಿದ್ದರು?

ಮಾಸ್ತರು: ಈ ಮಾತು ಖರೆ. ಇದು ನನಗ ಹಿಡಿಸಿತು. ಆದ್ರೂ ಅವರು ಆ ಗೆರಿನ್ನ ಅಳಿಸಬಹುದಿತ್ತಲ್ಲ?

ಶಿಷ್ಯೆ: 1963ರ ಮೇ 25ರಂದು ಅಡಿಸ್ ಅಬಾಬಾದಾಗ ಆಫ್ರಿಕಾ ಏಕತಾ ಸಂಘಟನೆ ಹುಟ್ಟಿತು. ಎನ್‌ಕ್ರುಮಾ ಅವರು ಈಗಿಂದೀಗ ಒಂದು ಸರಕಾರ ಮಾಡೂಣು ಅಂದ್ರು, ಉಳಿದವರು ಒಪ್ಪಲಿಲ್ಲ. 1964ರಾಗ ಕೈರೋದಾಗ, ಸ್ವಾತಂತ್ರ್ಯ ಬಂದಾಗ ಇದ್ದ ಗಡಿ ಇದ್ದಂಗ ಇರಲಿ ಅಂತ ಠರಾವು ಮಾಡಿದರು. ಐದು ಕಡೆ ಹಂಚಿ ಹೋದ ಜನರ ಸೊಮಾಲಿಯಾ ಒಪ್ಪಲಿಲ್ಲ, ಮೊರಾಕ್ಕೊ ಒಪ್ಪಲಿಲ್ಲ. ಉಳಿದವರು ಯಾಕ ಒಪ್ಪಿದರು? ಒಂದ ಗೆರಿ ಎಬ್ಬಿಸಿದ್ರ ಎಲ್ಲಾ ಗೆರಿ ಏಳತಾವ, ಯುದ್ಧ ನಿಲ್ಲೂದಿಲ್ಲ ಅನ್ನೂ ಅಂಜಿಕಿ. ಅದು ಹೇಡಿತನ ಅಲ್ಲ, ಸರ್. ಅದ ಸಂಘಟನೆ ದಾರ್ ಎಸ್ ಸಲಾಮಿನಾಗ ವಿಮೋಚನಾ ಸಮಿತಿ ಇಟ್ಟು ಅಂಗೋಲಾ, ಮೊಜಾಂಬಿಕ್, ಜಿಂಬಾಬ್ವೆ, ನಮೀಬಿಯಾ, ದಕ್ಷಿಣ ಆಫ್ರಿಕಾದ ಹೋರಾಟಕ್ಕ ಆಸರ ಕೊಟ್ಟಿತು. ಬಡ ದೇಶಗಳು ತಮ್ಮ ನೆಲದಾಗ ಹೋರಾಟಗಾರರಿಗೆ ಜಾಗಾ ಕೊಟ್ಟವು, ಅದಕ್ಕ ಬಾಂಬು ಉಂಡವು. 1994ರಾಗ ಮಂಡೇಲಾ ಅಧ್ಯಕ್ಷರಾದರಲ್ಲ, ಅದರಾಗ ಆ ಎಲ್ಲಾ ದೇಶಗಳ ಪಾಲು ಐತಿ. ಗಡಿ ಅಳಿಸಲಿಲ್ಲ, ಆದ್ರ ಗಡಿಯಾಚೆಯವರ ಸ್ವಾತಂತ್ರ್ಯಕ್ಕ ತಮ್ಮ ಜೀವ ಕೊಟ್ಟರು. ಇದನ್ನ ಸೋಲು ಅಂತ ನಾ ಹೆಂಗ ಕಲಿಸಲಿ?

ಮಾಸ್ತರು: ಸೋಲು ಅಂತ ಕಲಿಸಬ್ಯಾಡ. ಅರ್ಧ ಆದ ಕೆಲಸ ಅಂತ ಕಲಿಸು. ನಮ್ಮದೂ ಪೂರಾ ಆಗಿಲ್ಲ. ನಮ್ಮಂಗ ಮಾರ್ಚ್ 8ರಂದ ವಿಲೀನ ಆದ ಜತ್ತ ಸಂಸ್ಥಾನ ಮಹಾರಾಷ್ಟ್ರದಾಗ ಉಳೀತು. ಅದರ ಮೂಡಣ ಭಾಗದ ಊರಾಗ ಇವತ್ತಿಗೂ ಮನಿ ಮಾತು ಕನ್ನಡ. ಅಕ್ಕಲಕೋಟ ಹಂಗ, ಕಾಸರಗೋಡು ಹಂಗ. 1967ರಾಗ ಈ ಗಡಿ ತಂಟೆಯ ಮ್ಯಾಲ ಮಹಾಜನ ಆಯೋಗ ವರದಿ ಕೊಟ್ಟಿತು, ಅದು ಜಾರಿ ಆಗಲಿಲ್ಲ. ಗೆರಿಯ ಈಚೆ ಉಳಿದ ಮರಾಠಿ ಮಂದಿನೂ ನಮ್ಮ ಓಣಿಯಾಗ ಅದಾರ. ಅವರ ಮಾತಿಗೆ, ಅವರ ಶಾಲಿಗೆ ಮಾನ ಕೊಡದ ಏಕೀಕರಣ ಅದು ಏಕೀಕರಣ ಅಲ್ಲ. ಆಚೆ ಇರೂ ಕನ್ನಡಿಗರಿಗೆ ನಾವು ಏನ್ ಬಯಸತೀವೋ ಅದನ್ನ ಈಚೆ ಇರೂ ಮರಾಠಿಗರಿಗೆ ಕೊಡಬೇಕು.

ಶಿಷ್ಯೆ: ಹಂಗಾರ ಹುಡುಗರಿಗೆ ನಾ ಯಾವ ಒಂದ ಮಾತು ಹೇಳಲಿ?

ಮಾಸ್ತರು: ಪರಕೀಯರು ಹೋದ ಮ್ಯಾಲ ಅವರ ಗೆರಿ ತಾನಾಗಿ ಅಳಿಯೂದಿಲ್ಲ ಅಂತ ಹೇಳು. ಅದರೊಳಗ ನಮ್ಮವರ ಒಬ್ಬರು ಕುರ್ಚಿ ಹಾಕಿಕೊಂಡು ಕುಂತಿರತಾರ. ಅವರು ಏಳಬೇಕಾದ್ರ ಎರಡು ಬೇಕು. ಕೆಳಗ ಎಚ್ಚತ್ತ ಜನ ಬೇಕು, ಪ್ರಜಾ ಪರಿಷತ್ತಿನಂಥದ್ದು. ಮ್ಯಾಲ ಎಲ್ಲಾರೂ ನಂಬೂ ಒಂದು ಮನಿ ಬೇಕು. ನಮಗ ಎರಡೂ ಸಿಕ್ಕವು, ಜತ್ತಿಯವರಂಥ ಮನಷ್ಯಾನೂ ಸಿಕ್ಕ. ಆಫ್ರಿಕಾಕ್ಕ ಕೆಳಗಿನದು ಸಿಕ್ಕಿತು, ಮ್ಯಾಲಿನ ಮನಿಯನ್ನ ಅವರು ಈಗ ಕಟ್ಟಾಕ ಹತ್ಯಾರ.

ಶಿಷ್ಯೆ: ಹೌದ್ರಿ. 2002ರಾಗ ಆಫ್ರಿಕನ್ ಒಕ್ಕೂಟ ಆತು. 2021ರ ಜನವರಿಯಿಂದ ಇಡೀ ಖಂಡಕ್ಕ ಒಂದು ಮುಕ್ತ ವ್ಯಾಪಾರ ವಲಯ ಶುರುವಾಗೇತಿ. ಇಷ್ಟು ತಿಳಿದ ಮ್ಯಾಲ ನನ್ನ ಪಾಠದ ಕ್ರಮ ಗೊತ್ತಾತು. ಮೊದಲನೇ ದಿನ ಪುಸ್ತಕ ತೆರೆಸೂದಿಲ್ಲ. ನಿಮ್ಮ ಮುತ್ತ್ಯಾನ ಊರು 1947ರಾಗ ಯಾವ ಸಂಸ್ಥಾನದಾಗಿತ್ತು, ಯಾರಿಗೆ ಕಂದಾಯ ಕಟ್ಟತಿತ್ತು, ಕೇಳಿಕೊಂಡು ಬರ್ರಿ ಅಂತೀನಿ. ಎರಡನೇ ದಿನ ಹಲಗಲಿ ಮತ್ತು ಲೆಸೊಥೊ. ಮೂರನೇ ದಿನ 1948, ಅಕ್ರಾ ಮತ್ತು ಜಮಖಂಡಿ. ಕಡೀಕ 1956, ಇವೆ ಜನ ಮತ್ತು ನಾವು.

ಮಾಸ್ತರು: ಅದಕ್ಕ ಇನ್ನೊಂದು ಸೇರಿಸು. ಪ್ರಜಾ ಪರಿಷತ್ತಿನಾಗ, ಸ್ವಾತಂತ್ರ್ಯ ಚಳವಳಿಯಾಗ ದುಡಿದವರು ನಮ್ಮ ಸೀಮಿಯ ಊರಾಗ ಮನಿ ಮನಿಯಾಗ ಇದ್ದರು. ಜೇಲು ಕಂಡವರು, ಬುತ್ತಿ ಹೊತ್ತವರು, ರಾತ್ರಿ ಕರಪತ್ರ ಹಂಚಿದವರು. ಅವರ ಮನಿಯಾಗ ಉಳಿದ ಪತ್ರ, ಫೋಟೋ, ಠರಾವಿನ ಪ್ರತಿ ಹುಡುಗರು ಕೂಡಿಹಾಕಲಿ, ಕಾಲೇಜಿನಾಗ ಒಂದು ಕಪಾಟು ಮಾಡ್ರಿ. ಎನ್‌ಕ್ರುಮಾ ಅವರ ಹೆಸರು ಜಗತ್ತಿಗೆ ಗೊತ್ತೈತಿ. ಜಮಖಂಡಿಯ, ಮುಧೋಳದ, ಬೀಳಗಿಯ, ರಬಕವಿ-ಬನಹಟ್ಟಿಯ ಮಂದಿಯ ಹೆಸರನ್ನ ನಾವು ಬರೆದಿಡದಿದ್ರ ಯಾರೂ ಬರೆಯೂದಿಲ್ಲ. ಆ ಕೆಲಸ ಈ ವರ್ಷನ ಶುರು ಮಾಡು, ತಂಗಿ. ನನಗ ಗೊತ್ತಿರೂ ಮನಿಗಳಿಗೆ ನಾ ನಿನ್ನ ಕೂಡ ಬರತೇನಿ.